ಹುಣಸೆಹುಳಿಯಲ್ಲಿ ತೊಳೆದ ಚಕ್ರವರ್ತಿ

ದೆವ್ವ, ಮಾಟ, ಮೈಮೇಲೆ ಬರುವುದು ಎಂದು ಯಾರಾದರೂ ಕತೆ ಶುರು ಮಾಡಿದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಕಳದಲ್ಲಿ ನನ್ನ ಅಪ್ಪನಿಗೆ ಗಡಿಯಾರ ರಿಪೇರಿಯ ಅಂಗಡಿ ಇತ್ತು. ನಿಂತ ಗಡಿಯಾರಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಸಿಗಲಿಲ್ಲ ಎಂದರೆ ನೋಡಿದವನ ಕಣ್ಣು ಸರಿ ಇಲ್ಲ ಅಷ್ಟೆ, ಎನ್ನುತ್ತಿದ್ದರು ಅಪ್ಪ. ನಾನು ಬೆಳೆದದ್ದು ಅದೇ ಪಾಠದಲ್ಲಿ. ಇಷ್ಟು ವಯಸ್ಸಾದ ಮೇಲೂ ಆ ಪಾಠ ತಪ್ಪು ಎಂದು ನನಗೆ ಅನಿಸಿಲ್ಲ. ಆದರೆ ಒಂದೇ ಒಂದು ಸಂಗತಿಯ ಮುಂದೆ ಅದು ಕೈಕೊಟ್ಟಿದೆ. ಅದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಕಣ್ಣು ಸರಿ ಇತ್ತೋ ಇಲ್ಲವೋ ನೀವೇ ನಿರ್ಧರಿಸಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉಡುಪಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ವಾಸ ಮಣಿಪಾಲದಲ್ಲಿ, ಒಂದು ಮನೆಯ ಮಾಳಿಗೆಯ ಕೋಣೆಯಲ್ಲಿ, ಒಬ್ಬಳೇ. ನನಗಿದ್ದ ಹುಚ್ಚು ಒಂದೇ, ಹಳೆಯ ನಾಣ್ಯ. ಅದರಲ್ಲೂ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಕರಾವಳಿಯ ಕರಿಮೆಣಸಿಗೆ ಆಸೆಪಟ್ಟು ಅವರು ಹಡಗಿನಲ್ಲಿ ಬೆಳ್ಳಿ ತಂದು ಸುರಿದರು. ಆಗ ಬಂದದ್ದರಲ್ಲಿ ಅಷ್ಟೋ ಇಷ್ಟೋ ಇನ್ನೂ ಈ ಕಡೆಯ ಮಣ್ಣಿನಲ್ಲಿ, ಪೆಟ್ಟಿಗೆಗಳಲ್ಲಿ ಉಳಿದಿದೆ. ನಾಲ್ಕಾಣೆಯ ಅಗಲ, ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ ತೂಕ. ಒಂದು ಕಡೆ ಚಕ್ರವರ್ತಿಯ ತಲೆ, ಸುತ್ತ ಅಕ್ಷರ. ಇನ್ನೊಂದು ಕಡೆ ಯಾವುದಾದರೂ ಚಿತ್ರ. ಅಚ್ಚಿನ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದರಿಂದ ಯಾವುದೂ ಪೂರ್ತಿ ದುಂಡಗಿರುವುದಿಲ್ಲ, ಒಂದರ ಅಂಚು ಇನ್ನೊಂದರದನ್ನು ಹೋಲುವುದಿಲ್ಲ. ಅಪ್ಪ ಕೊಟ್ಟ ಗಡಿಯಾರದ ಕಣ್ಣುಮಸೂರ ಒಂದಿದ್ದರೆ ಇಷ್ಟನ್ನು ಯಾರು ಬೇಕಾದರೂ ನೋಡಬಹುದು.

ಕಾಲೇಜಿನ ಗ್ರಂಥಾಲಯದಲ್ಲಿ ವಸಂತಿ ಎಂಬ ಹುಡುಗಿ ಕೆಲಸಕ್ಕಿದ್ದಳು. ಕಾಪುವಿನ ಒಂದು ಗುತ್ತಿನ ಮನೆಯವಳು, ಅಂದರೆ ಊರಿಗೆ ಹಿರಿಯರಾದ ಹಳೆಯ ಮನೆತನದವಳು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಎಂತ ಮಾರಾಯ್ತಿ, ಹುಷಾರಿಲ್ವಾ ಎಂದೆ.

"ಟೀಚರೇ, ನಮ್ಮ ಮಾವನನ್ನು ನನ್ನ ಅಣ್ಣನೇ ಕಳ್ಳ ಅಂತ ಹೇಳ್ತಾ ಇದ್ದಾನೆ" ಎಂದು ಅತ್ತುಬಿಟ್ಟಳು.

ಸಮಾಧಾನವಾದ ಮೇಲೆ ವಿಷಯ ತಿಳಿಯಿತು. ಮನೆಯ ದೈವದ ಭಂಡಾರದಲ್ಲಿ, ಅಂದರೆ ದೈವದ ಒಡವೆಗಳ ಪೆಟ್ಟಿಗೆಯಲ್ಲಿ, ಯಾವ ಕಾಲದಿಂದಲೋ ಬಂದ ಐದು ಬೆಳ್ಳಿಯ ಪಣಗಳಿವೆ, ನಾಣ್ಯಕ್ಕೆ ಅವರು ಹೇಳುವುದು ಹಾಗೆ. ಪೆಟ್ಟಿಗೆಯ ಕೀಲಿಕೈ ಅವಳ ಸೋದರಮಾವ ಸಂಜೀವಣ್ಣನ ಕೈಯಲ್ಲಿ. ತಾಯಿ ತೀರಿಕೊಂಡ ಮೇಲೆ ಅಣ್ಣತಂಗಿಯನ್ನು ಸಾಕಿದವರೂ ಅವರೇ. ಅಣ್ಣ ಜಯಕರ ಚಿಕ್ಕಂದಿನಲ್ಲೇ ಬೊಂಬಾಯಿಗೆ ಹೋದವನು, ಎಷ್ಟೋ ವರ್ಷಗಳ ನಂತರ ರಜೆಯಲ್ಲಿ ಬಂದಿದ್ದಾನೆ. ಮೊದಲನೇ ಪಣದಲ್ಲಿ ಒಬ್ಬ ರಾಜ ಇದ್ದಾನೆ, ಕುತ್ತಿಗೆಗೆ ಕಡಿತ ಬಿದ್ದ ರಾಜ, ಎಂದು ತಾಯಿ ಅವನಿಗೆ ಊಟ ಮಾಡಿಸುವಾಗ ಹೇಳುತ್ತಿದ್ದರಂತೆ. ಈಗ ನೋಡಿದರೆ ಆ ಪಣದಲ್ಲಿ ರಾಜನೂ ಇಲ್ಲ, ಅಕ್ಷರವೂ ಇಲ್ಲ, ಬರೀ ಬೆಳ್ಳಿಯ ಬಿಲ್ಲೆ. ಮಾವ ಹಳೆಯದನ್ನು ಮಾರಿ ಅಕ್ಕಸಾಲಿಯಿಂದ ಬೇರೆ ಮಾಡಿಸಿ ಇಟ್ಟಿದ್ದಾರೆ ಎಂದು ಅವನು ಗಂಟುಬಿದ್ದಿದ್ದಾನೆ. ಬರುವ ಸಂಕ್ರಮಣದ ದಿನ ಎಲ್ಲರ ಎದುರು ಕೀಲಿಕೈ ಇಡಬೇಕು ಎಂದಿದ್ದಾನೆ.

"ನಿಮ್ಮಂಥವರು ನೋಡಿ ಹಳೆಯದೇ ಅಂತ ಹೇಳಿದರೆ ಅವನು ಒಪ್ಪುತ್ತಾನಂತೆ. ಬನ್ನಿ ಟೀಚರೇ. ಆದರೆ ಒಂದು ಉಂಟು." ಅವಳು ಮುಖ ಕೆಳಗೆ ಹಾಕಿದಳು. "ಭಂಡಾರದ್ದನ್ನು ಹೆಂಗಸರು ಮುಟ್ಟುವ ಹಾಗಿಲ್ಲ."

ನನಗೆ ಸಿಟ್ಟು ಬಂತು, ಸುಳ್ಳೇಕೆ. ವೈದ್ಯರನ್ನು ಕರೆದು ನಾಡಿ ಮುಟ್ಟಬೇಡಿ ಎಂದ ಹಾಗಾಯಿತು ಎಂದೆ. ಆದರೆ ನಾಣ್ಯ ಎಂದ ಮೇಲೆ ನನ್ನ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ? ಆ ರಾತ್ರಿಯೇ ಒಂದು ದಾರಿ ಹೊಳೆಯಿತು. ಸಂತೆಕಟ್ಟೆ ಕಡೆಯ ಒಂದು ಹಂಚಿನ ಕಾರ್ಖಾನೆಯಿಂದ ಚೆನ್ನಾಗಿ ನಾದಿದ ಹಂಚಿನ ಮಣ್ಣನ್ನು ತರಿಸಿಕೊಂಡೆ. ಬೆಣ್ಣೆಯ ಹಾಗಿರುತ್ತದೆ ಅದು, ಒತ್ತಿದ್ದನ್ನು ಕೂದಲೆಳೆ ಬಿಡದೆ ಹಿಡಿಯುತ್ತದೆ. ನಾಣ್ಯವನ್ನು ಅವರೇ ಒತ್ತಲಿ, ಮಣ್ಣಿನಲ್ಲಿ ಬಿದ್ದ ಅಚ್ಚನ್ನು ನಾನು ಮನೆಗೆ ತಂದು ನೋಡುತ್ತೇನೆ ಎಂದು ಲೆಕ್ಕ. ಮಣ್ಣನ್ನು ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ದಪ್ಪಗೆ ಹರಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಶನಿವಾರ ಮಧ್ಯಾಹ್ನ ವಸಂತಿಯ ಜೊತೆ ಕಾಪುವಿನ ಬಸ್ಸು ಹತ್ತಿದೆ.

ಸಂಜೀವಣ್ಣ ಎಪ್ಪತ್ತರ ಹತ್ತಿರದ ಸಪೂರ ಮನುಷ್ಯ. ಬಿಳಿ ಮುಂಡು, ಸೊಂಟದ ದಾರದಲ್ಲಿ ಕೀಲಿಕೈ. ಜಯಕರ ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದ. ಕೆಟ್ಟವನ ಹಾಗೆ ಕಾಣಲಿಲ್ಲ. ಅಮ್ಮನ ಮಾತು ಸುಳ್ಳಾದದ್ದನ್ನು ತಡೆಯಲಾರದವನ ಮುಖ. ನಾನು ಡಬ್ಬಿ ಬಿಚ್ಚಿದಾಗ ಸಂಜೀವಣ್ಣ ಬಗ್ಗಿ ನೋಡಿದರು.

"ಎಂತ ಮಣ್ಣು ಇದು?"

"ಹಂಚಿನ ಮಣ್ಣು."

"ಹಂಚಿನದ್ದಾ? ಹಾಗಾದರೆ ತೊಂದರೆ ಇಲ್ಲ. ದೈವದ ತಲೆಯ ಮೇಲೂ ಅದೇ ಇರುವುದು" ಎಂದು ದೈವದ ಕೋಣೆಯ ಹಂಚಿನ ಮಾಡನ್ನು ತೋರಿಸಿ ಕೈತೊಳೆಯಲು ಹೋದರು.

ಒಂದೊಂದೇ ಪಣವನ್ನು ಅವರು ಅಂಗೈಯಲ್ಲಿಟ್ಟು ಹಿಡಿದರು, ನಾನು ಕೈ ಹಿಂದೆ ಕಟ್ಟಿಕೊಂಡು ಮಸೂರದಲ್ಲಿ ನೋಡಿದೆ. ಎರಡರಲ್ಲಿ ಗುರಾಣಿ ಹಿಡಿದ ಇಬ್ಬರು ಯುವಕರು. ಅದು ಅಗಸ್ಟಸ್ ಚಕ್ರವರ್ತಿಯದು, ಆ ಯುವಕರು ಅವನ ಮೊಮ್ಮಕ್ಕಳು. ಇನ್ನೆರಡರಲ್ಲಿ ಕೈಯಲ್ಲಿ ರೆಂಬೆ ಹಿಡಿದು ಕೂತ ಹೆಂಗಸು. ಅದು ಅಗಸ್ಟಸ್ ನಂತರ ಬಂದ ತಿಬೇರಿಯಸ್‌ನದು. ಕೂತವಳು ಯಾರು ಎಂದು ಸಂಜೀವಣ್ಣ ಕೇಳಿದರು. ರಾಜನ ತಾಯಿ ಎಂದು ಕೆಲವರು ಹೇಳುತ್ತಾರೆ ಎಂದೆ.

"ತಾಯಿಯನ್ನು ಹಣದಲ್ಲಿ ಕೂರಿಸಿದ್ದಾನಾ! ಒಳ್ಳೆಯವನೇ ಮಾರಾಯ."

ತಿಬೇರಿಯಸ್‌ನ ಬಗ್ಗೆ ಇತಿಹಾಸ ಹೇಳುವುದು ಬೇರೆಯೇ, ತಾಯಿಯ ಶವಸಂಸ್ಕಾರಕ್ಕೂ ಅವನು ಹೋಗಲಿಲ್ಲ. ನಾಲ್ಕೂ ಅಸಲಿ, ಸಂಶಯವೇ ಇಲ್ಲ. ಆದರೆ ಜಗಳ ಇದ್ದದ್ದು ಕೊನೆಗೆ ಉಳಿದ ಐದನೆಯದರ ಬಗ್ಗೆ, ಅವರು ಮೊದಲನೇ ಪಣ ಎನ್ನುವುದರ ಬಗ್ಗೆ.

ಅದು ನಿಜಕ್ಕೂ ಬೋಳಾಗಿತ್ತು. ಎರಡೂ ಕಡೆ ಕನ್ನಡಿಯ ಹಾಗೆ ನುಣುಪು. ಅಂಚಿನಲ್ಲಿ ಒಂದು ಕಡೆ ಉಳಿಯ ಗಾಯ ಮಾತ್ರ ಇತ್ತು. ಒಳಗೂ ಬೆಳ್ಳಿಯೇ ಉಂಟೋ ಎಂದು ನೋಡಲು ಹಳೆಯ ಕಾಲದ ವ್ಯಾಪಾರಿಗಳು ಹಾಗೆ ಕಡಿಯುತ್ತಿದ್ದರು. ಇದು ಹೇಗೆ ಸವೆಯಿತು ಎಂದು ಕೇಳಿದೆ. ಸಂಜೀವಣ್ಣ ಸಂಕೋಚವಿಲ್ಲದೆ ಹೇಳಿದರು. ಉಳಿದ ನಾಲ್ಕು ಪಣ ಹೊರಗೆ ಬರುವುದು ವರ್ಷಕ್ಕೊಮ್ಮೆ, ದೈವದ ನೇಮೋತ್ಸವದ ದಿನ ಮಾತ್ರ. ಇದೊಂದು ಮೊದಲನೇ ಪಣ. ತಿಂಗಳು ತಿಂಗಳು ಸಂಕ್ರಮಣಕ್ಕೆ ದೈವಕ್ಕೆ ತಂಬಿಲದ ಪೂಜೆ ಇಡುವಾಗ ಎದುರಿಗೆ ಇರಬೇಕಾದದ್ದು. ಕಪ್ಪಾದ ಬೆಳ್ಳಿಯನ್ನು ದೈವದ ಎದುರು ಇಡಲಿಕ್ಕುಂಟಾ? ಹಾಗಾಗಿ ಪ್ರತಿ ಸಂಕ್ರಮಣದ ಹಿಂದಿನ ದಿನ ಹುಣಸೆಹುಳಿಯಲ್ಲಿ ನೆನೆಸಿ, ತೆಂಗಿನ ಸಿಪ್ಪೆಯ ಬೂದಿ ಹಾಕಿ, ಮಿನುಗುವವರೆಗೆ ಉಜ್ಜುವುದು. ಅವರು ಉಜ್ಜಿದರು, ಅವರ ಮಾವ ಉಜ್ಜಿದ್ದರು.

"ರಾಜ ಇದ್ದದ್ದು ಹೌದು. ನನ್ನ ಕೈಗೆ ಬಂದಾಗ ಮೂಗು, ಹಣೆ ಎಲ್ಲ ಕಾಣ್ತಾ ಇತ್ತು. ಯಾವಾಗ ಹೋದ ಅಂತ ನನಗೆ ಗೊತ್ತೇ ಆಗಲಿಲ್ಲ. ಕಣ್ಣೆದುರಿಗೇ ಹೋದ."

"ಉಜ್ಜಿದರೆ ರಾಜ ಹೋಗ್ತಾನಾ ಮಾವ? ಅಂಚಿಗೆ ಒಂದು ಕಡಿತ ನೀವೂ ಹಾಕಿಸಬಹುದು" ಎಂದ ಜಯಕರ. ಮತ್ತೆ ನನ್ನ ಕಡೆ ತಿರುಗಿ, "ನೀವು ಹೇಳಿ ಮೇಡಂ. ಇದು ಹಳೆಯದಾ, ಹೊಸದಾ?" ಎಂದು ಕೇಳಿದ.

ಬೂದಿಯಲ್ಲಿ ಹಾಗೆ ಉಜ್ಜಿದರೆ ಬೆಳ್ಳಿ ಸವೆಯುತ್ತದೆ, ಖಂಡಿತ ಸವೆಯುತ್ತದೆ. ಇಂಥ ತಪ್ಪು ಮಾಡಲು ಭಕ್ತಿಯೇ ಬೇಕು. ಆದರೆ ಗುರುತು ಒಂದೂ ಇಲ್ಲದ ಬಿಲ್ಲೆಯನ್ನು ರೋಮಿನದು ಎಂದು ಯಾವ ಬಾಯಿಂದ ಹೇಳಲಿ? ಮೊನ್ನೆ ಮೊನ್ನೆ ಅಕ್ಕಸಾಲಿ ಬಡಿದದ್ದೂ ಹೀಗೆಯೇ ಇರಬಹುದು. ಹೇಳಲಿಕ್ಕೆ ಬರುವುದಿಲ್ಲ ಎಂದೆ. ವಸಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಂಜೀವಣ್ಣ ಅಂಗೈಯ ಪಣವನ್ನು ಮುಚ್ಚಿ ಹಿಡಿದರು. "ಕೀಲಿಕೈ ನಾಳಿದ್ದು ಕೊಡ್ತೇನೆ ಜಯ. ಮಾವನಿಂದ ಅಳಿಯನಿಗೆ ಹೋಗುವುದು, ಅದು ಎಂದಾದರೂ ನಿನಗೆ ಬರಬೇಕಾದ್ದೇ. ಆದರೆ ಕದ್ದೆ ಅಂತ ಹೇಳಬೇಡ. ಆ ಒಂದು ಮಾತು ಇಟ್ಟುಕೊಂಡು ನಾನು ಸಾಯುವುದು ಹೇಗೆ?" ಅವರ ಧ್ವನಿ ಏರಲಿಲ್ಲ.

ಕಣ್ಣಿಗೆ ಕಾಣದ ಉಬ್ಬುತಗ್ಗು ಕೆಲವೊಮ್ಮೆ ಮಣ್ಣಿನ ಅಚ್ಚಿನಲ್ಲಿ, ಓರೆ ಬಿಸಿಲಿನಲ್ಲಿ ಕಾಣುವುದುಂಟು, ಸಂಕ್ರಮಣದವರೆಗೆ ತಡೆಯಿರಿ ಎಂದು ಕೇಳಿಕೊಂಡೆ. ಜಯಕರ ಆಗಲಿ ಎಂದ. ಸಂಜೀವಣ್ಣ ಐದೂ ಪಣಗಳ ಎರಡೂ ಮುಖಗಳನ್ನು ಮಣ್ಣಿಗೆ ಒತ್ತಿದರು, ನಾಲ್ಕನ್ನು ಮೊದಲು, ಬೋಳು ಪಣವನ್ನು ಕೊನೆಗೆ, ಒಂದು ಮೂಲೆಯಲ್ಲಿ. ಆಗ ನಾನು ಮಸೂರ ಹಾಕಿ ನೋಡಿದೆ, ವಸಂತಿಯೂ ನೋಡಿದಳು. ಬೋಳು ಪಣದ ಎರಡು ಅಚ್ಚುಗಳೂ ಬೋಳಾಗಿದ್ದವು. ತಳ ಸಪಾಟಾದ ಎರಡು ಸಣ್ಣ ಗುಂಡಿಗಳು, ಅಂಚಿನಲ್ಲಿ ಉಳಿಯ ಗಾಯದ ಗುರುತು. ಬೇರೆ ಏನೂ ಇರಲಿಲ್ಲ. ಮುಂದೆ ಬರುವುದೆಲ್ಲ ಇದರ ಮೇಲೆಯೇ ನಿಂತಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬಸ್ಸಿನಲ್ಲಿ ಡಬ್ಬಿ ನನ್ನ ಮಡಿಲಿನಲ್ಲಿತ್ತು. ಪಡುಬಿದ್ರಿಯಿಂದ ಬಂದ ಬಸ್ಸು, ಕಾಲಿಡಲು ಜಾಗವಿರಲಿಲ್ಲ, ಮೀನಿನ ಬುಟ್ಟಿಯೊಂದು ಮೊಣಕಾಲಿಗೆ ತಾಗುತ್ತಿತ್ತು. ಆದರೂ ಡಬ್ಬಿಯನ್ನು ಕೆಳಗಿಡಲಿಲ್ಲ. ಕೋಣೆಗೆ ಬಂದು ಮೇಜಿನ ಮೇಲಿಟ್ಟು, ಬಾಗಿಲ ಚಿಲಕ ಹಾಕಿ, ಬೇಗನೆ ಮಲಗಿದೆ. ಯಾವ ಕನಸೂ ಬೀಳಲಿಲ್ಲ. ರಾತ್ರಿ ಏನಾದರೂ ನಡೆದಿದ್ದರೆ ನಿದ್ದೆಗಣ್ಣಿನ ಮೇಲೆ ತಪ್ಪು ಹೊರಿಸಿ ಹಾಯಾಗಿರಬಹುದಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಕಿಟಕಿಯಿಂದ ಓರೆ ಬಿಸಿಲು ಮೇಜಿಗೆ ಬೀಳುವುದನ್ನು ಕಾದು, ಡಬ್ಬಿ ತೆರೆದೆ. ಅಚ್ಚು ಓದುವವರಿಗೆ ಒಂದು ಅಭ್ಯಾಸ ಇರುತ್ತದೆ. ನಾಣ್ಯದಲ್ಲಿ ಉಬ್ಬಿದ್ದು ಮಣ್ಣಿನಲ್ಲಿ ತಗ್ಗಾಗುತ್ತದೆ, ಬಲಕ್ಕೆ ನೋಡುವ ಮುಖ ಎಡಕ್ಕೆ ನೋಡುತ್ತದೆ, ಅಕ್ಷರಗಳು ತಿರುಗುಮುರುಗಾಗುತ್ತವೆ. ಹಾಗಾಗಿ ಪಕ್ಕದಲ್ಲಿ ಒಂದು ಸಣ್ಣ ಕನ್ನಡಿ ಹಿಡಿದು ಅದರಲ್ಲಿ ಓದುವುದು. ನಾಲ್ಕು ಪಣಗಳನ್ನು ಹಾಗೆ ಕನ್ನಡಿಯಲ್ಲಿ ಓದಿದೆ, ಎಲ್ಲ ಸರಿಯಾಗಿತ್ತು. ಮೂಲೆಗೆ ಬಂದೆ.

ಕನ್ನಡಿಯಲ್ಲಿ ಒಂದು ಮುಖ ಇತ್ತು.

ಉದ್ದ ಮೂಗು, ಗಟ್ಟಿ ಗದ್ದ, ತಲೆಗೆ ಎಲೆಗಳ ಕಿರೀಟ, ಅದನ್ನು ಕಟ್ಟಿದ ಪಟ್ಟಿಯ ತುದಿ ಹಿಂಗುತ್ತಿಗೆಯ ಮೇಲೆ. ತಿಬೇರಿಯಸ್. ಟಂಕಸಾಲೆಯಿಂದ ಈಗತಾನೇ ಬಂದ ಹಾಗೆ ಹೊಸದು. ಮೊದಲು ಆದದ್ದು ಸಂತೋಷವೇ. ಸಂಜೀವಣ್ಣ ಬಚಾವಾದರು ಎಂದುಕೊಂಡು ಅಕ್ಷರ ಓದಲು ಹೋದೆ. ಓದಲಾಗಲಿಲ್ಲ. ಕನ್ನಡಿಯಲ್ಲಿ ಅಕ್ಷರಗಳು ತಿರುಗುಮುರುಗಾಗಿದ್ದವು. ಕನ್ನಡಿ ಕೆಳಗಿಟ್ಟು ಮಣ್ಣನ್ನೇ ನೋಡಿದೆ. ಮಣ್ಣಿನಲ್ಲಿ ಅಕ್ಷರಗಳು ನೆಟ್ಟಗಿದ್ದವು. ಸೀಸರ್ ಎಂಬುದನ್ನು ಪುಸ್ತಕದಲ್ಲಿ ಓದಿದ ಹಾಗೆ ಓದಿದೆ. ಮುಖ ಬಲಕ್ಕೆ ನೋಡುತ್ತಿತ್ತು.

ಓರೆ ಬೆಳಕಿನಲ್ಲಿ ತಗ್ಗು ಉಬ್ಬಾಗಿ ಕಾಣುವ ಭ್ರಮೆ ಒಂದಿದೆ, ನನಗೆ ಚೆನ್ನಾಗಿ ಗೊತ್ತು. ಕಿಟಕಿ ಮುಚ್ಚಿದೆ, ತೆರೆದೆ, ಡಬ್ಬಿಯನ್ನು ಸುತ್ತ ತಿರುಗಿಸಿದೆ. ಕೊನೆಗೆ ಬೆರಳಿಟ್ಟೆ. ಗುಂಡಿಯ ತಳದಿಂದ ಮೇಲೆದ್ದ ಮೂಗು ನನ್ನ ಬೆರಳಿಗೆ ತಾಗಿತು. ನಾಣ್ಯವನ್ನು ಒತ್ತಿದರೆ ಹೀಗಾಗುವುದು ಸಾಧ್ಯವೇ ಇಲ್ಲ. ಬೋಳು ನಾಣ್ಯವಂತೂ ಇರಲಿ, ಹೊಸ ನಾಣ್ಯ ಒತ್ತಿದರೂ ಇಲ್ಲ. ಅದು ನಾಣ್ಯದ ಅಚ್ಚಲ್ಲ, ನಾಣ್ಯದ ಮುಖವೇ. ಬೆಳ್ಳಿಯಲ್ಲಿ ಇರಬೇಕಾದದ್ದು ಮಣ್ಣಿನಲ್ಲಿ ಇತ್ತು. ಅದರ ಪಕ್ಕದ ಇನ್ನೊಂದು ಅಚ್ಚು ಮಾತ್ರ ನಿನ್ನೆಯಂತೆ ಬೋಳಾಗಿಯೇ ಇತ್ತು.

ನನಗೆ ಹೆದರಿಕೆಯಾಯಿತು. ಬೆರಳನ್ನು ಸೀರೆಗೆ ಒರೆಸಿಕೊಂಡೆ, ಆಮೇಲೆ ಯಾಕೆ ಒರೆಸಿಕೊಂಡೆ ಎಂದು ನಾಚಿಕೆಯೂ ಆಯಿತು. ಡಬ್ಬಿಯ ಮುಚ್ಚಳದಲ್ಲಿ ಏನಾದರೂ ಉಬ್ಬುಚಿತ್ರ ಇದೆಯೋ ಎಂದು ನೋಡಿದೆ. ಬಿಸ್ಕತ್ತಿನ ಕಂಪನಿಯ ಒಂದು ಹೂವು ಇತ್ತು, ಅದು ಮಣ್ಣಿಗೆ ತಾಗುವಷ್ಟು ಕೆಳಗೆ ಇರಲಿಲ್ಲ. ಚಿಲಕ ಹಾಕಿದ ಹಾಗೆಯೇ ಇತ್ತು. ಯಾರೋ ತಮಾಷೆ ಮಾಡಿದ್ದಾರೆ ಎಂದರೂ, ಅದಕ್ಕೆ ಎರಡು ಸಾವಿರ ವರ್ಷ ಹಳೆಯ ಟಂಕಸಾಲೆಯ ಅಚ್ಚು ಬೇಕು. ಅದನ್ನು ಉಡುಪಿ ರಥಬೀದಿಯಲ್ಲಿ ಮಾರುವುದಿಲ್ಲ.

ಸಿಕ್ಕ ಮೊದಲ ಬಸ್ಸಿಗೇ ಕಾಪುವಿಗೆ ಹೋದೆ. ಮೂವರನ್ನೂ ಚಾವಡಿಗೆ ಕರೆದು ಡಬ್ಬಿ ತೆರೆದೆ. ಜಯಕರ ಬಗ್ಗಿ ನೋಡಿದವನು ಹಾಗೆಯೇ ಕೂತುಬಿಟ್ಟ. ಅಂಚಿನ ಉಳಿಯ ಗಾಯ ನೇರವಾಗಿ ರಾಜನ ಕುತ್ತಿಗೆಗೆ ಬಂದು ನಿಂತಿತ್ತು.

"ಅಮ್ಮ ಹೇಳಿದ್ದು ಇದೇ" ಎಂದ. ಇನ್ನೊಂದು ಸಲ ಹೇಳಿದ.

ನಾನು ಸುಮ್ಮನಿರಲಿಲ್ಲ. ಇದನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ, ಒತ್ತಿದ ಅಚ್ಚು ತಗ್ಗಾಗಿರಬೇಕು, ಇದು ಉಬ್ಬಿದೆ, ಇದು ಹೇಗಾಯಿತೋ ನನಗೆ ಗೊತ್ತಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಜಯಕರ ತಲೆ ಎತ್ತಲಿಲ್ಲ. "ಅದೆಲ್ಲ ನಿಮ್ಮ ಲೆಕ್ಕ ಮೇಡಂ. ನನಗೆ ಆ ಕಡಿತ ಸಾಕು. ಅಮ್ಮ ಅದನ್ನು ನನಗೆ ಬಿಟ್ಟು ಬೇರೆ ಯಾರಿಗೂ ಹೇಳಿದ್ದಲ್ಲ" ಎಂದ. ಎದ್ದು ಹೋಗಿ ಮಾವನ ಕಾಲು ಹಿಡಿದ. ಸಂಜೀವಣ್ಣ ಅವನ ತಲೆಯ ಮೇಲೆ ಕೈಯಿಟ್ಟು, "ಏಳು ಏಳು, ಟೀಚರ್ ಎದುರಿಗೆ ಎಂತದು" ಎಂದರು. ಕೀಲಿಕೈ ಅವರ ಸೊಂಟದಲ್ಲೇ ಉಳಿಯಿತು.

ಬೋಳು ಪಣವನ್ನು ಆ ಅಚ್ಚಿನ ಮೇಲೆ ಇಟ್ಟು ಅಂಚು ಸರಿಹೊಂದುತ್ತದೋ ನೋಡಿ ಎಂದು ಸಂಜೀವಣ್ಣನನ್ನು ಕೇಳಿದೆ. ಅವರು ಒಪ್ಪಲಿಲ್ಲ. "ಒಂದು ಸಲ ಉಜ್ಜಿ ಕಳೆದೆ. ಇನ್ನೊಂದು ಸಲ ಒತ್ತಿ ಕಳೆಯುವುದು ಬೇಡ." ಪಕ್ಕದಲ್ಲಿ ಹಿಡಿದು ತೋರಿಸಿದರು. ಅಂಚಿನ ಸೊಟ್ಟ, ಗಾಯ, ಎಲ್ಲ ಒಂದೇ. ಡಬ್ಬಿಯ ಇನ್ನೊಂದು ಕಡೆ ಉಳಿದ ಮಣ್ಣಿನಲ್ಲಿ ಮತ್ತೆ ಮತ್ತೆ ಒತ್ತಿಸಿದೆ. ಪ್ರತಿ ಸಲವೂ ಬೋಳು ಗುಂಡಿ. ಆ ಮನೆಯಲ್ಲಿ ಆಶ್ಚರ್ಯಪಟ್ಟವಳು ನಾನೊಬ್ಬಳೇ ಎನ್ನುವುದು ನನಗೆ ಆಗ ಗೊತ್ತಾಯಿತು. ಸಂಜೀವಣ್ಣ ಮಣ್ಣಿಗೆ ಒದ್ದೆ ಬಟ್ಟೆ ಮುಚ್ಚುತ್ತಾ ಹೇಳಿದರು:

"ಇಷ್ಟು ವರ್ಷ ಉಜ್ಜಿದ್ದು ಎಲ್ಲಿಗೆ ಹೋಯಿತು ಅಂತ ನನಗೂ ಗೊತ್ತಿರಲಿಲ್ಲ ಟೀಚರೇ."

ಆ ತುಂಡನ್ನು ಕತ್ತರಿಸಿ, ಒಣಗಿಸಿ, ಹಂಚಿನ ಕಾರ್ಖಾನೆಯ ಗೂಡಿನಲ್ಲಿ ಹಂಚುಗಳ ಜೊತೆ ಸುಡಿಸಿದೆ. ಒಡೆಯಲಿಲ್ಲ. ಭಂಡಾರದಲ್ಲಿ ಇಡಿ ಎಂದು ಕೊಡಲು ಹೋದರೆ ಸಂಜೀವಣ್ಣ ತೆಗೆದುಕೊಳ್ಳಲಿಲ್ಲ. "ನಿಮಗೆ ಪಣ ಮುಟ್ಟಲಿಕ್ಕೆ ಕೊಡಲಿಲ್ಲ ಅಲ್ವಾ? ಇದು ನಿಮ್ಮ ಹತ್ತಿರ ಇರಲಿ" ಎಂದರು. ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಜಯಕರ ಬೊಂಬಾಯಿ ಬಿಟ್ಟು ಬಂದು ಈಗ ಕೀಲಿಕೈ ಇಟ್ಟುಕೊಂಡಿದ್ದಾನೆ. ಪಣಗಳು ಕಪ್ಪಾಗಿವೆಯಂತೆ, ಒದ್ದೆ ಬಟ್ಟೆ ಕೂಡ ತಾಗಿಸುವುದಿಲ್ಲ ಎಂದು ವಸಂತಿ ಹೇಳುತ್ತಾಳೆ.

ನಾಣ್ಯ ಬಲ್ಲ ಒಂದಿಬ್ಬರು ಸುಟ್ಟ ಆ ತುಂಡನ್ನು ನೋಡಿದ್ದಾರೆ. ಯಾರೋ ಚೆನ್ನಾಗಿ ಕೆತ್ತಿ ಮಾಡಿದ ನಕಲು ಎಂದರು. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ, ಹಾಗಾಗಿ ವಾದ ಮಾಡಲಿಲ್ಲ. ಕಾರಣ ಹುಡುಕುವುದನ್ನು ಬಿಟ್ಟಿಲ್ಲ, ಸಿಕ್ಕಿಯೂ ಇಲ್ಲ.

ಅದು ಈಗ ನನ್ನ ಪುಸ್ತಕದ ಕಪಾಟಿನಲ್ಲಿ, ಅಪ್ಪನ ಮಸೂರದ ಪಕ್ಕದಲ್ಲಿದೆ. ಭಾನುವಾರ ಕಪಾಟು ಒರೆಸುವಾಗ ಪುಸ್ತಕ, ಮಸೂರ, ಮೂಲೆ ಎಲ್ಲ ಒರೆಸುತ್ತೇನೆ. ಅದರ ಹತ್ತಿರ ಬಂದಾಗ ಬಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯುತ್ತೇನೆ. ಮೂಗಿನ ಮೇಲೆ, ಕಿರೀಟದ ಎಲೆಗಳ ಸಂದಿನಲ್ಲಿ ಧೂಳು ದಪ್ಪವಾಗಿ ಕೂತಿದೆ. ಕೂತಿರಲಿ.